ತೂಕಡಿಸಲು ಬಿಡದ ಸ್ಟೂಲು

ಆ ಬೆಳಿಗ್ಗೆಯೂ ಎಂದಿನಂತೆ ಹಾಲಿನ ಪ್ಯಾಕೆಟ್ ತೊಳೆದು, ಮೂಲೆ ಕತ್ತರಿಸಿ, ಹಾಲನ್ನು ಒಲೆಯ ಮೇಲಿಟ್ಟೆ. ಡಬ್ಬಿಗೆ ನೀರುದೋಸೆ ಮಡಚುತ್ತಿದ್ದಾಗ ನನ್ನ ಗಂಡ ಒಂದನ್ನು ಬೆಳಕಿಗೆ ಹಿಡಿದು, "ಇದು ತೆಂಗಿನತುರಿಯಾ, ಮರದ ಹುಡಿಯಾ?" ಎಂದರು. ಅಡುಗೆಮನೆಗೆ ತಾಗಿದ ಬಾಲ್ಕನಿಯಲ್ಲಿ ಹತ್ತು ದಿನಗಳಿಂದ ನಾನು ಸ್ಟೂಲು ಮಾಡುತ್ತಿದ್ದೆ. ಅವರು ಮುಂಬಯಿಯ ಲೋಕಲ್ ಹಿಡಿಯಲು ಭಾಂಡುಪ್ ಸ್ಟೇಷನ್ನಿಗೆ ಹೊರಟ ಮೇಲೆ ಕುಕ್ಕರ್ ಇಟ್ಟು, ಮೂರು ಸೀಟಿ ಕೂಗುವುದರೊಳಗೆ ಅದಕ್ಕೆ ಕೊನೆಯ ಸಲ ಮೇಣ ತಿಕ್ಕಿದೆ.

ಸ್ಟೂಲು ನಮ್ಮ ಬಿಲ್ಡಿಂಗಿನ ವಾಚ್‌ಮ್ಯಾನಿಗೆ. ವಿಜಯಪುರದ ಕಡೆಯವನು, ಐವತ್ತು ದಾಟಿದವನು. ರಾತ್ರಿ ಇನ್ನೊಂದು ಬಿಲ್ಡಿಂಗ್ ಕಾದು, ಹಗಲು ನಮ್ಮದನ್ನು ಕಾಯುತ್ತಿದ್ದ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನು ಬಾಯಿ ತೆರೆದು ಮಲಗಿದ್ದ ಫೋಟೋ ಯಾರೋ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅದೇ ದಿನ ಕುರ್ಚಿ ಹೋಯಿತು. ಇನ್ನೊಮ್ಮೆ ಮಲಗಿದರೆ ಕೆಲಸವೂ ಹೋಗುತ್ತದೆ ಎಂದು ಸೊಸೈಟಿಯವರು ಹೇಳಿದರು. ಒಂದು ತಿಂಗಳು ಹನ್ನೆರಡು ಹನ್ನೆರಡು ಗಂಟೆ ನಿಂತು ಅವನ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು.

ನಮ್ಮ ಎದುರು ಫ್ಲ್ಯಾಟಿನಾಕೆ ಉಡುಪಿಯವರು, ಸೊಸೈಟಿಯ ಸೆಕ್ರೆಟರಿ. ಬಾಂದ್ರಾದಲ್ಲಿ ಶನಿವಾರದ ಮರಗೆಲಸದ ಕ್ಲಾಸಿಗೆ ನಾನು ಹೋಗುವುದು ಅವರಿಗೆ ಗೊತ್ತಿತ್ತು. ಒಂದು ದಿನ ಬಾಗಿಲಲ್ಲೇ ನಿಂತು ಹೇಳಿದರು: "ಪಾಪ, ಅವನಿಗೆ ಕೂತುಕೊಳ್ಳಲಿಕ್ಕೆ ಆಗಬೇಕು. ಆದರೆ ನಿದ್ದೆ ಮಾಡಲಿಕ್ಕೆ ಆಗಬಾರದು. ಹಾಗಿದ್ದು ಒಂದು ಮಾಡಲಿಕ್ಕೆ ಆಗ್ತದಾ ಮಾರಾಯ್ತಿ?"

ಆಗುತ್ತದೆ ಎಂದೆ. ಕೊಟ್ಟ ಕೆಲಸವನ್ನು ಎದುರು ಮಾತಿಲ್ಲದೆ ಚೊಕ್ಕವಾಗಿ ಮುಗಿಸುವುದನ್ನು ಕಾನ್ವೆಂಟಿನ ಸಿಸ್ಟರುಗಳು ನಮಗೆ ಚೆನ್ನಾಗಿ ಕಲಿಸಿದ್ದರು.

ಅವನನ್ನು ಮೇಲೆ ಕರೆದು, ಹೊಲಿಗೆಯ ಟೇಪಿನಿಂದ ಪಾದದಿಂದ ಮಂಡಿಯವರೆಗೆ ಅಳೆದೆ. ಅವನು ನಾಚಿಕೊಂಡು ಪ್ಯಾಂಟು ಮಡಚಿ ನಿಂತ. "ದರ್ಜಿ ಬಿಟ್ರ ನನ್ನ ಅಳತಿ ಯಾರೂ ತಗೊಂಡಿಲ್ರಿ ಅಕ್ಕಾರ," ಎಂದು ನಕ್ಕ. ನಾನೂ ನಕ್ಕೆ.

ಹಳೆಯ ಬಾಗಿಲಿನ ಸಾಗುವಾನಿ ಸಿಕ್ಕಿತ್ತು. ಹಲಗೆಯನ್ನು ಹಿಂದೆ ಸರಿದು ಕೂರಲು ಆಗದಷ್ಟು ಕಿರಿದಾಗಿ ಕತ್ತರಿಸಿದೆ. ಮುಂದಿನ ಎರಡು ಕಾಲುಗಳನ್ನು ಹಿಂದಿನವಕ್ಕಿಂತ ಒಂದು ಬೆರಳಿನಷ್ಟು ಗಿಡ್ಡ ಮಾಡಿದೆ. ಎಚ್ಚರವಿದ್ದವನು ಪಾದ ಊರಿ ಕೂತರೆ ಏನೂ ತಿಳಿಯುವುದಿಲ್ಲ. ಕಣ್ಣು ಮುಚ್ಚಿ ಕಾಲು ಸಡಿಲವಾದರೆ ಮೈ ತಾನಾಗಿ ಮುಂದಕ್ಕೆ ಜಾರುತ್ತದೆ. ನಾನೇ ಕೂತು, ಕಣ್ಣು ಮುಚ್ಚಿ, ಮತ್ತೆ ಮತ್ತೆ ಜಾರಿ ನೋಡಿದೆ. ಸಾಲದೆನಿಸಿ ಆ ಕಾಲುಗಳನ್ನು ಇನ್ನೂ ಒಂದೆರಡು ನೂಲಿನಷ್ಟು ಉಜ್ಜಿದೆ. ತಪ್ಪು ಮಾಡುತ್ತಿದ್ದೇನೆ ಎಂದು ಆಗ ಅನಿಸಲೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ಇಳಿಜಾರು ಸರಿಯಾಗಿ ಸಿಕ್ಕಿದ ಖುಷಿ ದೊಡ್ಡದಾಗಿತ್ತು. ಅವನು ಹಿಂದುಮುಂದಾಗಿ ಇಟ್ಟುಕೊಳ್ಳಬಾರದಲ್ಲ, ಅದಕ್ಕೆ ಮುಂದಿನ ಅಂಚಿನಲ್ಲಿ ಉಳಿಯಿಂದ ಐದು ಎಸಳಿನ ಒಂದು ಹೂವು ಕೆತ್ತಿದೆ.

ಹತ್ತು ಗಂಟೆಗೆ ಕೆಳಗೆ ಒಯ್ದು ಕೊಟ್ಟೆ. ಅವನು ತಕ್ಷಣ ಕೂರಲಿಲ್ಲ. ಕರ್ಚೀಫಿನಿಂದ ಹಲಗೆ ಒರೆಸಿದ, ಹೂವಿನ ಮೇಲೆ ಹೆಬ್ಬೆರಳು ಆಡಿಸಿದ. "ನನಗಂತ ಹೂವು ಬ್ಯಾರೆ ಕೆತ್ತೀರೇನ್ರಿ?" ಎಂದ. ಹೌದು ಎಂದೆ.

ಸಂಜೆ ತರಕಾರಿ ತೆಗೆದುಕೊಂಡು ಗೇಟಿಗೆ ಮರಳಿದಾಗ ಅವನ ಹಣೆಯ ಮೇಲೆ ಅರಿಶಿನ ಮೆತ್ತಿತ್ತು. ಮಧ್ಯಾಹ್ನ ಜೊಂಪು ಹತ್ತಿ ಮುಂದಕ್ಕೆ ಬಿದ್ದಿದ್ದ. ಗೇಟಿನ ಕಬ್ಬಿಣ ತಾಗಿತ್ತು.

"ನಂದ ತಪ್ಪರಿ ಅಕ್ಕಾರ," ಎಂದ. ಆಮೇಲೆ ದನಿ ತಗ್ಗಿಸಿ, "ಮುಂದಿನ ಕಾಲು ಒಂದೀಟ ಸಣ್ಣ ಆಗ್ಯಾವೇನ್ರಿ? ತಿರುಗಿಸಿ ಇಟ್ರ ಚೊಲೋ ಕುಂದ್ರಾಕ ಬರ್ತೈತಿ. ಆದ್ರ ನಿಮ್ಮ ಹೂವು ಗ್ವಾಡಿ ಕಡಿ ಆಗ್ತೈತಿ, ಅದಕ್ಕ ಮನಸ್ ಒಪ್ಪವಲ್ದು," ಎಂದ.

ಆಗ ನಿಜ ಹೇಳಬಹುದಿತ್ತು. ತಿರುಗಿಸಿ ಕೂರು ಎಂದಾದರೂ ಹೇಳಬಹುದಿತ್ತು.

"ಇಲ್ಲಿಯ ನೆಲವೇ ಸಮ ಇಲ್ಲ ಕಾಣ್ತದೆ," ಎಂದೆ.

ಅವನು ಕೂಡಲೇ ಒಪ್ಪಿದ. "ಹೌದ್ರಿ, ನೆಲದ್ದ ತಪ್ಪು. ನಿಮ್ಮ ಕೆಲಸದಾಗ ಯಾಕ ಐಬು ಬರತೈತಿ," ಎನ್ನುತ್ತ ರಟ್ಟಿನ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಮುಂದಿನ ಕಾಲುಗಳ ಅಡಿಗೆ ತುರುಕಿದ. ಕೂತ. ಮೊದಲ ಸಲ ಅವನ ಭುಜ ಇಳಿದದ್ದು ಕಂಡಿತು.

ವಾಕಿಂಗ್ ಮುಗಿಸಿ ಎದುರು ಫ್ಲ್ಯಾಟಿನಾಕೆ ಬಂದರು. ಅವನು ದಡಬಡಿಸಿ ಎದ್ದು ಸಲಾಮು ಮಾಡಿದ. ಅವರು ಹಣೆ ನೋಡಿದರು, ರಟ್ಟು ನೋಡಿದರು, ಚಪ್ಪಲಿಯ ತುದಿಯಿಂದ ಅದನ್ನು ಹೊರಗೆಳೆದು ಮೋರಿಯ ಕಡೆಗೆ ತಳ್ಳಿದರು. ಅವನು ನನ್ನ ಮುಖ ನೋಡಿದ. ನಾನು ಕೊತ್ತಂಬರಿ ಕಟ್ಟನ್ನು ಚೀಲದೊಳಗೆ ಸರಿಪಡಿಸಿದೆ.

ಲಿಫ್ಟಿನ ಗುಂಡಿ ಒತ್ತುತ್ತ ಅವರು ಹೇಳಿದರು: "ನಮ್ಮ ಮನೆಕೆಲಸದ ಬಾಯಿಗೂ ಇಂಥದ್ದು ಒಂದು ಮಾಡಿಕೊಡು ಮಾರಾಯ್ತಿ, ಪಾತ್ರೆ ಅಲ್ಲೇ ಬಿಟ್ಟು ಟೀವಿ ಎದುರು ಕೂತುಬಿಡ್ತಾಳೆ. ಹೂವೇನೂ ಬೇಡ."