ಶೆಡ್ಡಿಗೆ ಎಳೆದ ಲೈನು

ಪಡೀಲಿನ ನಮ್ಮ ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಮನೆ ಮೇಲೆ, ಕಾರು ಇಡುವ ಶೆಡ್ಡು ಕೆಳಗೆ ರಸ್ತೆಯ ಬದಿಯಲ್ಲಿ, ನಡುವೆ ಮೆಟ್ಟಿಲುಗಳು. ಅಪ್ಪ ಶೆಡ್ಡು ಕಟ್ಟಿಸುವಾಗ ಅದಕ್ಕೂ ಕರೆಂಟು ಬೇಕೆಂದು ಯಾರಿಗೂ ತೋಚಲಿಲ್ಲ. ಅಪ್ಪ ತೀರಿಹೋದ ಮೇಲೆ ಕಾರನ್ನು ಮಾರಿದೆವು. ಆಮೇಲೆ ಅಲ್ಲಿ ಒಣಗಿದ ತೆಂಗಿನ ಗರಿ, ಸೋರುವ ಡ್ರಮ್ಮು, ನನ್ನ ಮಕ್ಕಳ ಹಳೇ ಸೈಕಲ್ಲು ಎಲ್ಲ ಸೇರಿಕೊಂಡು, ಬಾಗಿಲು ತೆರೆಯಲಿಕ್ಕೇ ಬೇಸರವಾಗುವಂತಾಯಿತು.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ತಮ್ಮ ಗಲ್ಫಿನಿಂದ ಬಂದ. ಬಂದವನು ಸರಿಯಾಗಿ ನಿದ್ದೆ ಮಾಡಿ ಎದ್ದಿದ್ದನೋ ಇಲ್ಲವೋ, "ಶೆಡ್ಡಿಗೆ ಒಂದು ಕರೆಂಟ್ ಲೈನು, ಒಂದು ನೀರಿನ ಪೈಪು ಎಳೆದುಬಿಡ್ತೇನೆ ಅಕ್ಕ" ಎಂದ. ನನ್ನ ಎದೆ ಧಸಕ್ಕೆಂದಿತು.

ಯಾಕೆಂದರೆ ಅವನು ಪ್ರತಿ ರಜೆಯಲ್ಲೂ ಮನೆಗೆ ಒಂದು ಕೆಲಸ ಮಾಡಿಕೊಟ್ಟೇ ಹೋಗುವವನು. ಒಮ್ಮೆ ಬಾವಿಗೆ ಪಂಪು, ಒಮ್ಮೆ ಇನ್ವರ್ಟರು, ಒಮ್ಮೆ ಅಮ್ಮನ ಬಚ್ಚಲಿಗೆ ಗೀಸರು. ಕೆಲಸ ಮುಗಿಯಿತೆಂದರೆ ಹೊರಟ ಎಂದೇ ಅರ್ಥ. ಈ ಸಲ ಅವನು ಎ.ಸಿ. ರಿಪೇರಿಗೆ ಇದ್ದ ಕಂಪೆನಿ ಮುಚ್ಚಿತ್ತು. ಇನ್ನೊಂದು ಕಂಪೆನಿಯವರು ಬಾ ಬಾ ಎಂದು ಕರೆಯುತ್ತಿದ್ದರು. ಇವನು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ನನಗೆ ಅವನು ಊರಲ್ಲೇ ಉಳಿಯಬೇಕಿತ್ತು, ಇನ್ನೇನೂ ಬೇಡವಾಗಿತ್ತು. ಅಷ್ಟನ್ನು ಹೇಳಲು ನನ್ನ ಬಾಯಿಗೆ ಏನು ಅಡ್ಡ ಬಂದಿತ್ತೋ! ಬೈಯುವುದಾದರೆ ಸಲೀಸಾಗಿ ಹೊರಡುತ್ತಿತ್ತು.

ನಮ್ಮವರಲ್ಲಿ ಮನೆ ಬರುವುದು ಹೆಣ್ಣುಮಕ್ಕಳಿಗೆ. ಅಮ್ಮನ ನಂತರ ನಾನು, ನನ್ನ ನಂತರ ನನ್ನ ಮಗಳು. ತಮ್ಮನಿಗೆ ಇಲ್ಲಿ ಸೋದರಮಾವ ಎಂಬ ಗೌರವವಿದೆ, ಅವನದೇ ಕೋಣೆಯಿದೆ. ನನ್ನ ಗಂಡ ಅಂಗಡಿಯಿಂದ ಬಂದರೆ ಮೊದಲು ವಿಚಾರಿಸುವುದೇ ಇವನನ್ನು. ಆದರೂ ಇವನು ಚಾವಡಿಯಲ್ಲಿ ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ. "ಶೆಡ್ಡು ರಿಪೇರಿ ಯಾರಿಗೋಸ್ಕರ?" ಎಂದು ಕೇಳಿದೆ. "ಇರಲಿ, ಯಾರಿಗಾದರೂ ಬಾಡಿಗೆಗೆ ಕೊಡಬಹುದು" ಎಂದ. "ಈಗಲೇ ಅಲ್ಲಿ ಇಲಿಗಳುಂಟು, ಮೊದಲು ಅವರನ್ನು ಕೇಳು" ಎಂದು ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ನೆಲವೋ ಬರೀ ಕೆಂಪುಕಲ್ಲು. ಪಿಕ್ಕಾಸು ಬಿದ್ದರೆ ಠಣ್ಣೆಂದು ಹಿಂದಕ್ಕೆ ಪುಟಿಯುತ್ತಿತ್ತು. ಆಳು ಕರೆಸು ಎಂದರೂ ಕೇಳದೆ ಮೆಟ್ಟಿಲ ಪಕ್ಕದಲ್ಲಿ ತಾನೇ ಉದ್ದಕ್ಕೆ ಕಣಿ ತೋಡಿದ. ಕರೆಂಟಿನ ಪೈಪು ಆಳದಲ್ಲಿ, ನೀರಿನ ಪೈಪು ಅದಕ್ಕಿಂತ ಮೇಲೆ, ಇನ್ನೊಂದು ಬದಿಗೆ. ಎರಡನ್ನೂ ಒಟ್ಟಿಗೆ ಮಲಗಿಸಬಾರದಂತೆ. ಮೇಲೆ ಮರಳು ಹರಡಿ, ಅಟ್ಟದಲ್ಲಿದ್ದ ಹಳೇ ಹಂಚುಗಳನ್ನು ಇಳಿಸಿ ಸಾಲಾಗಿ ಜೋಡಿಸಿದ. ಮುಂದೆ ಯಾರಾದರೂ ತಿಳಿಯದೆ ಅಗೆದರೆ ಪಿಕ್ಕಾಸು ಮೊದಲು ಹಂಚಿಗೆ ತಾಗಲಿ ಎಂದು. ಕರೆಂಟಿನ ಪೈಪಿನೊಳಗೆ ಒಂದು ಹನಿ ನೀರೂ ಇಳಿಯಬಾರದೆಂದು ಅದರ ಎರಡೂ ಬಾಯಿಗೆ ಪ್ಲಾಸ್ಟಿಕ್ಕು ಬಿಗಿದ. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ. ಕಣಿ ಮುಚ್ಚುತ್ತಾ ಬಂದಂತೆ ಅವನು ಹೊರಡಲು ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದೆ.

ವಯರು ಎಳೆಯುವ ದಿನ ಅವನು ಪ್ಲಾಸ್ಟಿಕ್ಕು ಬಿಚ್ಚಿದ. ಪೈಪಿನೊಳಗೆ ಮೊದಲೇ ಹಗ್ಗ ಹಾಯಿಸಿಟ್ಟಿದ್ದ. ಮೇಲಿನ ತುದಿಗೆ ವಯರು ಕಟ್ಟುವುದು ನನ್ನ ಪಾಲಿನ ಕೆಲಸ, ಕೆಳಗಿನಿಂದ ಎಳೆಯುವುದು ಅವನದು. ಅವನು ಶೆಡ್ಡಿಗೆ ಇಳಿದ, ನಾನು ಕೈ ಒರೆಸಿಕೊಳ್ಳಲು ಒಳಗೆ ಹೋದೆ. ಅಷ್ಟರಲ್ಲಿ ಅಮ್ಮ ಒಂದು ಚೊಂಬು ಹಾಲು ಹಿಡಿದುಕೊಂಡು ಹಿತ್ತಿಲಿಗೆ ಬಂದರು. ನೆಲ ಅಗೆದರೆ ಪೂರ್ತಿ ಮುಚ್ಚುವ ಮೊದಲು ಹಾಲು ಹೊಯ್ಯಬೇಕು, ಅರಿಯದೆ ನಾಗನಿಗೆ ನೋವಾಗಿದ್ದರೆ ತಂಪಾಗಲಿ ಎಂಬುದು ಅವರ ಕ್ರಮ. ಕನ್ನಡಕ ಟಿವಿಯ ಹತ್ತಿರವೇ ಉಳಿದಿತ್ತು. ಗೋಡೆಯ ಬುಡದಲ್ಲಿ ಒಂದು ದುಂಡಗಿನ ಬಾಯಿ ಕಂಡಿತು. ಭಕ್ತಿಯಿಂದ ಅದರೊಳಗೇ ಹೊಯ್ದರು.

ಕೆಳಗಿನಿಂದ ಕೂಗು ಬಂತು. "ಅಕ್ಕಾ! ಪೈಪಿನಲ್ಲಿ ಹಾಲು ಬರ್ತಾ ಉಂಟು ಮಾರಾಯ್ತಿ!"

ನಾನು ಓಡಿ ಬಂದೆ. "ಅಯ್ಯೋ ಅಮ್ಮ, ಅದು ಕರೆಂಟಿನ ಪೈಪು!"

ಅಮ್ಮ ಒಂದು ಗಳಿಗೆ ಚೊಂಬನ್ನೂ ಪೈಪನ್ನೂ ನೋಡಿದರು. ಆಮೇಲೆ, ಎಲ್ಲ ಬೇಕೆಂದೇ ಮಾಡಿದ ಹಾಗೆ, "ಅಲ್ಲಿಗೆ ಹೋದರೆ ಎಂತ ತಪ್ಪು? ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸುವುದಿಲ್ವಾ? ಅವನ ಶೆಡ್ಡಿನಲ್ಲಿ ಉಕ್ಕಿತು, ಒಕ್ಕಲು ಆಯ್ತು" ಎಂದು ಒಳಗೆ ನಡೆದರು.

ಅವನ ಶೆಡ್ಡು ಎಂದರು ಅಮ್ಮ. ಕೆಳಗಿನವನಿಗೂ ಅದು ಕೇಳಿಸಿರಬೇಕು. ಜೋರಾಗಿ ನಕ್ಕ. ಊರಿಗೆ ಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಹಾಲು ಹಾಗೇ ಬಿಟ್ಟರೆ ಇರುವೆ ಮುತ್ತುತ್ತದೆ. ಪೈಪಿಗೆ ನೀರು ಬಿಟ್ಟು ತೊಳೆದೆವು. ಆಮೇಲೆ ಉದ್ದ ಹಗ್ಗದ ನಡುವೆ ಬಟ್ಟೆಯ ಉಂಡೆ ಕಟ್ಟಿ, ಒಳಗೆ ಒಣಗುವವರೆಗೆ ಅವನು ಕೆಳಗೆ ಎಳೆಯುವುದು, ನಾನು ಮೇಲಕ್ಕೆ ಎಳೆಯುವುದು. ಪ್ರತಿ ಸಲ ಬಟ್ಟೆ ಬದಲಿಸಬೇಕು. ನನಗೆ ಅವನು ಕಾಣಿಸುತ್ತಿರಲಿಲ್ಲ, ಹಗ್ಗ ಮಾತ್ರ ಅಲುಗುತ್ತಿತ್ತು. ಉಂಡೆ ಹೊರಗೆ ಬಂದ ಒಂದು ಹೊತ್ತಿನಲ್ಲಿ ಪೈಪಿನೊಳಗಿನಿಂದಲೇ ಅವನ ಸ್ವರ ಕೇಳಿತು. ಕಿವಿಯ ಹತ್ತಿರವೇ ಕೂತು ಮಾತಾಡಿದಂತಿತ್ತು.

"ಅಕ್ಕ."

"ಎಂತ?"

"ಆ ಕಂಪೆನಿಯವರಿಗೆ ನಾಳೆ ಹೇಳಬೇಕು."

"ಹೇಳು, ಅದಕ್ಕೆಂತ ಈಗ?"

ಆಮೇಲೆ ಮೆಲ್ಲಗೆ, "ಶೆಡ್ಡಿನಲ್ಲಿ ಫ್ರಿಜ್ಜು, ಎ.ಸಿ. ರಿಪೇರಿ ಮಾಡ್ತಾ ನಾನು ಇಲ್ಲೇ ಇದ್ದರೆ ನಿನಗೆ, ಭಾವನಿಗೆ ಭಾರ ಆಗ್ತದಾ? ಇದು ನಿನ್ನ ಮನೆ ಅಲ್ವಾ, ಅದಕ್ಕೆ ಕೇಳಿದ್ದು" ಎಂದ.

ನನಗೆ ಮೊದಲು ಬಂದದ್ದು ಕೆಂಡದಂಥ ಕೋಪ. ಕೈಯಲ್ಲಿ ಬೊಬ್ಬೆ ಏಳುವವರೆಗೆ ಕಲ್ಲು ಒಡೆದನಲ್ಲ, ಇಷ್ಟನ್ನು ಊಟಕ್ಕೆ ಕೂತಾಗ ಕೇಳಬಾರದಿತ್ತೇ? ಬೈಯಬೇಕೆಂದೇ ಮಂಡಿಯೂರಿ ಹಾಲಿನ ವಾಸನೆಯ ಆ ಪೈಪಿಗೆ ಬಾಯಿ ಇಟ್ಟೆ.

"ನೀನು ಹೋದಾಗಲೆಲ್ಲ ನಿನ್ನ ಊಟದ ಬಟ್ಟಲು ತೊಳೆದು ಕಪಾಟಿನ ಒಳಗೆ ಇಡುವವಳು ನಾನು. ಅಮ್ಮನ ಕಣ್ಣಿಗೆ ಬೀಳದ ಹಾಗೆ ಹಿಂದೆ ಇಡ್ತೇನೆ, ಗೊತ್ತುಂಟಾ ನಿನಗೆ? ಇನ್ನೊಮ್ಮೆ ನನ್ನಿಂದ ಆಗುವುದಿಲ್ಲ ಮಾರಾಯ. ಹೋಗಬೇಡ."

ನಾನು ಪೈಪಿಗೆ ಕಿವಿಯಿಟ್ಟು ಕೂತೆ.

"ಹಾಗಾದರೆ ವಯರು ಕಟ್ಟು ಅಕ್ಕ" ಎಂದ. "ನಾನು ಎಳೀತೇನೆ."

ಕಣ್ಣು ತುಂಬಿ ಗಂಟು ಸರಿಯಾಗಿ ಬೀಳಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ. ಅವನು ಕೆಳಗಿನಿಂದ ಎಳೆಯುತ್ತಾ ಹೋದ, ನಾನು ಮೇಲಿನಿಂದ ಬಿಡುತ್ತಾ ಹೋದೆ.