ಕಡಲದೇವರ ಪರ ವಕಾಲತ್ತು

ಏಳು ತಿಂಗಳು ಕೂತು ಕಟ್ಟಿದ ಊರು ಒಂದು ಉತ್ತರದ ಮೇಲೆ ನಿಂತಿತ್ತು. ಜೆಪ್ಪುವಿನಲ್ಲಿರುವ ಗೆಳೆಯನೂ ನಾನೂ ಅವನ ಮನೆಯಲ್ಲಿ ಸೇರಿ ಆಡುತ್ತಿದ್ದ ಕಂಪ್ಯೂಟರ್ ಗೇಮಿನ ಕೊನೆಯ ಬಾಗಿಲು ಅದು. ಆ ಕಥೆಯ ಕಡಲದೇವರು ಹಿಂದೊಮ್ಮೆ ನಮ್ಮ ಊರಿರುವ ದಡಕ್ಕೆ ಸೈನ್ಯ ಸಮೇತ ಏರಿ ಬಂದಿದ್ದ. ಈಗ ಮತ್ತೆ ಹೊರಟಿದ್ದ. ಬಾಗಿಲು ಕೇಳಿದ್ದು ಇಷ್ಟೇ: ಯಾಕೆ? ಕೋಪಕ್ಕೋ, ರಾಜ್ಯದ ಆಸೆಗೋ, ಮನೆಗೆ ಹೋಗಲೋ? ಒಂದೇ ಅವಕಾಶ. ತಪ್ಪಿದರೆ ನಾನು ಮೂರು ಸಲ ಜಾಗ ಬದಲಿಸಿ ನಿಲ್ಲಿಸಿದ ದೀಪಸ್ತಂಭವೂ ಸೇರಿ ಎಲ್ಲವೂ ಮುಳುಗುತ್ತದೆ.

"ಕೋಪ ಅಂತ ಒತ್ತುತ್ತೇನೆ. ಜನ ಹರಕೆ ಮರೆತರು ಅಂತ ಶಾಸನದಲ್ಲಿ ಬರೆದದ್ದು ಉಂಟಲ್ಲ," ಎಂದ ಗೆಳೆಯ.

"ಬರೆದದ್ದು ಯಾರು ಮಾರಾಯ? ಹರಕೆ ತೆಗೆದುಕೊಳ್ಳುವ ಅರ್ಚಕರೇ!"

"ಮತ್ತೆ ನಿನ್ನ ಪ್ರಕಾರ ಎಂತ?"

"ಹೊಳೆಯ ಮೂಲದಲ್ಲಿ ಅವನ ಹಳೆಯ ಗುಡಿ ನೋಡಿದ್ದೇವಲ್ಲ? ಅದು ಅವನ ಮನೆ. ಊರಿನವರು ಹೊಳೆ ಕಡಲು ಸೇರುವ ಅಳಿವೆಗೆ ಅಡ್ಡ ಗೋಡೆ ಕಟ್ಟಿದ್ರು. ಅವನು ದಂಡೆತ್ತಿ ಬಂದದ್ದಲ್ಲ, ಮನೆಗೆ ಹೊರಟದ್ದು."

ಅವನು ನಕ್ಕ. ಕಾಲೇಜಿನ ಚರ್ಚಾ ತಂಡದಲ್ಲಿ ಜೊತೆಗಿದ್ದವನು. ನನ್ನನ್ನು ಚೆನ್ನಾಗಿ ಬಲ್ಲ. ನಾಣ್ಯ ಚಿಮ್ಮಿ ಯಾವ ಪಕ್ಷ ಬಂದರೂ ಅದೇ ಸತ್ಯವೆಂಬಂತೆ ವಾದಿಸುವುದು ನಮ್ಮ ತರಬೇತಿ. ಒಂದೇ ವಿಷಯದ ಎರಡೂ ಕಡೆ ಗೆದ್ದವಳನ್ನು ಅವನು ಹೇಗೆ ನಂಬಬೇಕು?

"ಪಕ್ಷ ಬದಲಿಸು. ಐದು ನಿಮಿಷ ಕೋಪದ ಪರ ಮಾತಾಡು. ಅದನ್ನೂ ಗೆಲ್ಲಿಸಿದ್ರೆ ನಾನು ಕೋಪವನ್ನೇ ಒತ್ತುವುದು," ಎಂದ.

ಶರಬತ್ತು ತಂದಿಟ್ಟ ಅವನ ಅಮ್ಮ, "ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಗಳ ಎದುರೇ ತೂಕಡಿಸಿದವ ಈಗ ದೇವರ ಮನಸ್ಸು ಓದ್ತಾನೆ ನೋಡು!" ಎಂದು ಒಳಗೆ ಹೋದರು.

ಎದ್ದು ನಿಂತೆ. ಕೂತು ವಾದಿಸುವುದು ನನಗೆ ಬಾರದು. ಮುರಿದ ಮಾತು, ಅವಮಾನ, ಭಯ ಹುಟ್ಟಿಸಬೇಕಾದ ಅಗತ್ಯ... ಚೆನ್ನಾಗಿಯೇ ಹೊರಟಿತು. ಅವನ ಕೈ ಮೌಸಿನತ್ತ ಸರಿಯಿತು.

"ಆದ್ದರಿಂದ ಕೆರಳಿದ ದೇವರು ಮೊದಲು ಒಡೆದದ್ದು..." ಎಂದವಳು ಅಲ್ಲೇ ನಿಂತೆ.

ಹಿಂದಿನ ಸಲ ಅವನು ಒಡೆದದ್ದು, ಜನ ಆಮೇಲೆ ಮತ್ತೆ ಕಟ್ಟಿದ ಆ ಗೋಡೆಯನ್ನು ಮಾತ್ರ. ಹರಕೆ ಮರೆತವರ ಮನೆಗಳು ಅದಕ್ಕೆ ತಾಗಿಯೇ ಇದ್ದವು. ಒಂದು ಹೆಂಚೂ ಜಾರಿರಲಿಲ್ಲ. ನಾನು ಕಡಲಂಚಿನ ಉಳ್ಳಾಲದವಳು. ಕಡಲು ಯಾರದಾದರೂ ಅಂಗಳ ಕೊರೆದ ಸುದ್ದಿ ಬಂದರೆ ನನ್ನನ್ನು ಹೆತ್ತ ಉಮ್ಮ ಕಡಲಿಗೆ ಬೈಯುವುದಿಲ್ಲ, "ಈ ಸಲ ಕಲ್ಲು ಎಲ್ಲಿ ಹಾಕಿದ್ದಾರೆ?" ಎಂದು ಕೇಳುತ್ತಾಳೆ. ಒಂದು ಕಡೆ ತಡೆಗಲ್ಲು ಬಿದ್ದರೆ ನೀರು ಪಕ್ಕದಲ್ಲಿ ದಾರಿ ಹುಡುಕುತ್ತದೆ. ಇದನ್ನು ನೋಡಿ ಬೆಳೆದವಳ ಬಾಯಲ್ಲಿ ಕೋಪದ ಮಾತು ಮುಂದೆ ಹೋಗಲಿಲ್ಲ.

"ಮುಂದೆ?"

"ಮುಂದೆ ಇಲ್ಲ. ಸೋತೆ."

ಅವನು ನನ್ನ ಮುಖವನ್ನೇ ನೋಡಿದ. "ಎಂತ ಸಾವು ಮಾರಾಯ್ತಿ! ನಿನ್ನ ಬಾಯಿ ಕಟ್ಟಿದ್ದು ಇವತ್ತೇ ನೋಡಿದ್ದು," ಎಂದು ಮೌಸನ್ನು ನನ್ನತ್ತ ತಳ್ಳಿದ.

ಮನೆಗೆ ಹೋಗಲು. ಒತ್ತಿದೆ.

ಪರದೆ ಕಪ್ಪಾಯಿತು. ಆಮೇಲೆ ಗೋಡೆಯ ಕಲ್ಲುಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ದೇವರು ನನ್ನ ದೀಪಸ್ತಂಭದ ಬುಡವನ್ನೂ ಒದ್ದೆ ಮಾಡದೆ ಹೊಳೆ ಹಿಡಿದು ಒಳಗೆ ನಡೆದ. ಹಿಂದೆ ಅವನ ಸೈನ್ಯ, ಮೆರವಣಿಗೆಯ ಹಾಗೆ.

ನಮ್ಮ ಕಿರುಚಾಟಕ್ಕೆ ಅವನ ಅಮ್ಮ ಸೌಟು ಹಿಡಿದೇ ಓಡಿ ಬಂದರು. "ಎಂತಾಯ್ತು?"

"ದೇವರು ಮನೆಗೆ ಹೋದ ಮಮ್ಮೀ!"

"ಹೋಗಲಿ, ನೀವು ಊಟಕ್ಕೆ ಬನ್ನಿ."

ಸೋತೆನೆಂದು ಬಾಯಿಬಿಟ್ಟು ಒಪ್ಪಿದವಳು ನಾನೇ. ಆದರೂ ಆ ಮಧ್ಯಾಹ್ನ ಅಂಜಲ್ ಮೀನಿನ ದೊಡ್ಡ ತುಂಡನ್ನು ಗೆಳೆಯ ತಾನಾಗಿ ನನ್ನ ತಟ್ಟೆಗೆ ಹಾಕಿದ.