ಅಪ್ಪ ಕೊನೆತನಕ ನೋಡದ ಸಿನಿಮಾ

ಹೋದ ತಿಂಗಳು ಹುಕ್ಕೇರಿಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಕೈ ಚಾಚಿ ಕೂತಿದ್ದೆ. ಸೂಜಿ ಚುಚ್ಚುವ ಮೊದಲು ಲ್ಯಾಬಿನ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ತೋಳು ಒರೆಸಿದಳು. ಆ ತಣ್ಣನೆಯ, ಮೂಗಿಗೆ ಚುರುಕ್ಕೆನ್ನುವ ವಾಸನೆ ಎದ್ದದ್ದೇ ತಡ, ಮೂಡಲಗಿಯ ನಮ್ಮ ಹಳೇ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಅಲ್ಲಿ ಅಪ್ಪ ಚಕ್ಕಳ ಮಕ್ಕಳ ಹಾಕಿಕೊಂಡು ಕೂತು, ವಿಸಿಆರ್‌ನ ಮುಚ್ಚಳ ಬಿಚ್ಚಿ, ಕಡ್ಡಿಗೆ ಬಟ್ಟೆ ಸುತ್ತಿ, ಇದೇ ಸ್ಪಿರಿಟ್ಟಿನಿಂದ ಕ್ಯಾಸೆಟ್ಟು ಓದುವ ಅದರ ಹೆಡ್ಡು ಒರೆಸುತ್ತಿದ್ದ. ಕೂಸಿನ ಕಿವಿ ಒರೆಸಿದ ಹಾಗೆ, ಅಷ್ಟು ಜೋಪಾನ. ಇತ್ತ ನನ್ನ ರಕ್ತ ಸೂಜಿಯ ನಳಿಗೆಯೊಳಗೆ ಏರುತ್ತಿತ್ತು, ನನಗೆ ನಗು ಬಂತು. "ಯಾಕ್ರೀ ಅಕ್ಕಾರ, ಎಲ್ಲಾರೂ ಮಾರಿ ಸಣ್ಣದ ಮಾಡ್ತಾರ, ನೀವು ನಗಾಕತ್ತೀರಿ?" ಅಂದಳು ಹುಡುಗಿ. "ಏನಿಲ್ಲವಾ, ರಕ್ತಾ ಕುಡಿಯೋರ ಸಿನಿಮಾ ಒಂದ ನೆನಪಾತು" ಅಂದೆ. ಅವಳು ಇದೇನೋ ತಲೆಗೆ ಏರಿದ ಸಕ್ಕರೆಯೇ ಇರಬೇಕು ಅನ್ನುವಂತೆ ನೋಡಿದಳು. ನಗುತ್ತಲೇ ಹೊರಗೆ ಬಂದೆ. ಬಸ್‌ ನಿಲ್ದಾಣ ಮುಟ್ಟುವ ಹೊತ್ತಿಗೆ ಮಾತ್ರ ಕಣ್ಣು ತುಂಬಿ ಬಸ್ಸಿನ ಬೋರ್ಡು ಓದಲಾಗಲಿಲ್ಲ.

ಟಿವಿ ಮತ್ತು ವಿಡಿಯೋ ಬಾಡಿಗೆಗೆ ಕೊಡುವುದು ಅಪ್ಪನ ಉದ್ಯೋಗ. ಮದುವೆ, ಗಣಪತಿ, ಕೂಸಿನ ತೊಟ್ಟಿಲು, ಏನೇ ಇದ್ದರೂ ಮೂಡಲಗಿ ಸುತ್ತಿನ ಹಳ್ಳಿಗಳಿಂದ ಅಪ್ಪನಿಗೆ ಕರೆ ಬರುತ್ತಿತ್ತು. ಕಲ್ಲೋಳಿಯಲ್ಲಂತೂ ಅಪ್ಪ ಬಂದರೆ ಭಜನೆಯವರು ತಾಳ ಕೆಳಗಿಟ್ಟು ಎದ್ದು ಬರುತ್ತಿದ್ದರಂತೆ. ಡಬ್ಬಿ ತಂದು ಇಟ್ಟು ಗುಂಡಿ ಒತ್ತುವವರು ಗೋಕಾಕದಲ್ಲಿ ಬೇಕಾದಷ್ಟು ಜನ ಇದ್ದರು. ಅಪ್ಪನನ್ನೇ ಕರೆಯುತ್ತಿದ್ದುದು ಅವನ ಹೇಳಿಕೆಗಾಗಿ. ಇಂಗ್ಲಿಷ್ ಸಿನಿಮಾ ಹಾಕಿ, ಧ್ವನಿ ತಗ್ಗಿಸಿ, ಟಿವಿಯ ಬಾಜೂಕ ಬುಟ್ಟಿ ಬೋರಲು ಹಾಕಿಕೊಂಡು ಕೂತು ಅಪ್ಪ ಇಡೀ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಅಪ್ಪನ ಇಂಗ್ಲಿಷು "ಥ್ಯಾಂಕ್ಯು"ದಿಂದ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಅದಕ್ಕೇನಂತೆ? ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಮುಚ್ಚಿಕೊಂಡು ಒಬ್ಬನೇ ಸಿನಿಮಾ ಒಮ್ಮೆ ಪೂರ್ತಿ ನೋಡುತ್ತಿದ್ದ. ಯಾರು ಯಾರಿಗೆ ಏನಾಗಬೇಕು ಎಂದು ಮುಖ ನೋಡಿಯೇ ಗುರುತಿಸಿ, ಎಲ್ಲರಿಗೂ ನಮ್ಮ ಕಡೆಯ ಹೆಸರಿಡುತ್ತಿದ್ದ. ಸಂಜೆ ಜನ ಕೂಡಿದಾಗ ಆ ಕೆಂಪು ಮೋರೆಯ ದೊರೆಗಳೆಲ್ಲ ಮಲ್ಲಪ್ಪ, ಕಲ್ಲಪ್ಪ, ಸತ್ಯವ್ವಗಳಾಗಿ ಕುಣಿಯುತ್ತಿದ್ದರು. ಪೂರ್ತಿ ನೋಡದೆ ಮಂದಿಯ ಮುಂದೆ ಹೇಳಬಾರದು ಎಂಬುದು ಅಪ್ಪನ ಕಟ್ಟುನಿಟ್ಟು. ಅದನ್ನು ಅವನು ಮುರಿದದ್ದು ಒಂದೇ ಸಲ.

ಆ ಮನೆಯಲ್ಲಿ ನಾವು ನಾಲ್ಕು ಜನ, ನಾನು, ಅವ್ವ, ಅಪ್ಪ, ಮತ್ತು ಅಪ್ಪನ ತಾಯಿ, ನಮ್ಮ ಆಯಿ. ಐದನೆಯವನಾಗಿ ಬಸು ಕಾಕಾ ಇದ್ದ, ಅಪ್ಪನ ತಮ್ಮ. ಇದ್ದ ಅಂತಲೇ ಹೇಳಬೇಕು. ಕಾಕಾನೆಂದರೆ ಮನೆತುಂಬ ನಗು. ಅನ್ನದ ಅಗುಳು ಮೂಗಿಗೆ ಅಂಟಿಸಿಕೊಂಡು ನನ್ನನ್ನು ನಗಿಸುವವ, ಆಯಿಯ ಸೀರೆಯ ಸೆರಗು ತಲೆಗೆ ಸುತ್ತಿಕೊಂಡು ಬೀಗಿತ್ತಿಯ ಹಾಗೆ ಮಾತಾಡುವವ. ಅಪ್ಪ ಕಥೆ ಹೇಳುವುದನ್ನು ಕಲಿತದ್ದೇ ಬಾಲ್ಯದಲ್ಲಿ ಈ ತಮ್ಮನನ್ನು ಮಲಗಿಸಲು ಎಂದು ಆಯಿ ಹೇಳುತ್ತಿದ್ದಳು. ಅಂಥ ಕಾಕಾ ಗೋಕಾಕದ ಇಬ್ಬರು ಗೆಳೆಯರ ಕೂಡ ಸೇರಿ ಹೊಳೆದಂಡೆಯ ಪಂಪಿನ ಮೋಟಾರು ಕದಿಯಲು ಹೋದ. ಕಾವಲಿಗಿದ್ದ ಮುದುಕನ ತಲೆಗೆ ಏಟು ಬಿತ್ತು. ಮುದುಕ ಬದುಕಿಕೊಂಡ, ಆದರೆ ಒಂದು ಕಣ್ಣು ಹೋಯಿತು. ಮೂವರೂ ಓಡಿಹೋದರು. ತಮ್ಮ ಸಿಗದಿದ್ದಕ್ಕೆ ಪೊಲೀಸರು ಅಣ್ಣನನ್ನು ಕರೆದೊಯ್ದು ಠಾಣೆಯ ಕಟ್ಟೆಯ ಮೇಲೆ, ಹೋಗಿ ಬರುವವರ ಕಣ್ಣೆದುರು, ದಿನವಿಡೀ ಕೂರಿಸಿದರು. ಅಪ್ಪ ಮನೆಗೆ ಬಂದವನೇ ಓಣಿಯ ಮಂದಿಗೆಲ್ಲ ಕೇಳುವಂತೆ ಆಯಿಗೆ ಹೇಳಿದ, "ಇನ್ನ ಅಂವಾ ಈ ಹೊಸ್ತಲಾ ತುಳದ್ರ ನಾ ನಿನ್ನ ಮಗಾ ಅಲ್ಲ." ಆಯಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು, ಅಷ್ಟೇ.

ಅಂದಿನಿಂದ ಅಪ್ಪನ ಬಾಯಲ್ಲಿ ತಮ್ಮನ ಹೆಸರು ಬರಲಿಲ್ಲ. ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ತಲೆಬಾಗಿಲು ತೆರೆದಿಡಬೇಕು, ಲಕ್ಷ್ಮಿ ಬರುವ ಹೊತ್ತು ಅದು. ಅಪ್ಪ ಅದೇ ಹೊತ್ತಿಗೆ ಎದ್ದು ಬಾಗಿಲು ಹಾಕಿ ಅಗಳಿ ಏರಿಸುತ್ತಿದ್ದ. ಓಡಿಹೋದವರು ಕತ್ತಲಾಗುವಾಗ ತಾನೇ ಮನೆಯ ದಾರಿ ಹಿಡಿಯುವುದು? ಆಯಿ ಒಳಗೆ ಕೂತು ಆ ಬಾಗಿಲನ್ನೇ ನೋಡುತ್ತಿದ್ದಳು. ಅವಳು ಒಂದು ದಿನವೂ ಅದನ್ನು ತೆರೆ ಎನ್ನಲಿಲ್ಲ. ಇಬ್ಬರೂ ಅವಳ ಮಕ್ಕಳೇ, ಯಾರ ಮನಸ್ಸನ್ನು ಮುರಿಯಬೇಕು ಅವಳು?

ನಾಗರಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು, ಗಿಡಗಿಡಕ್ಕೆ ಜೋಕಾಲಿ, ಮನೆಮನೆಯಲ್ಲಿ ಉಂಡಿ. ಪ್ರತಿ ಪಂಚಮಿಗೆ ನಮ್ಮ ಅಂಗಳದಲ್ಲಿ ಓಣಿಯವರಿಗೆಲ್ಲ ಪುಕ್ಕಟೆ ಸಿನಿಮಾ ಹಾಕುವುದು ಅಪ್ಪನ ರೂಢಿ. ಆ ಸಲ ಗೋಕಾಕದ ಅಂಗಡಿಯಲ್ಲಿ ಒಳ್ಳೆ ಕ್ಯಾಸೆಟ್ಟುಗಳೆಲ್ಲ ಹಬ್ಬಕ್ಕೆಂದು ಮೊದಲೇ ಹೋಗಿಬಿಟ್ಟಿದ್ದವು. ಉಳಿದದ್ದು ಚೀಟಿ ಹರಿದ ಒಂದು ಕ್ಯಾಸೆಟ್ಟು. ಅಪ್ಪ ಅದನ್ನೇ ತಂದು ಮಧ್ಯಾಹ್ನ ನೋಡಲು ಕೂತ. ಮುಕ್ಕಾಲು ಆಗಿತ್ತೋ ಏನೋ, ಕರೆಂಟು ಹೋಯಿತು. ಮತ್ತೆ ಬಂದದ್ದು ಹೊತ್ತು ಮುಳುಗುವಾಗ, ಮಂದಿ ಚಾಪೆ ಕಂಬಳಿ ಹಿಡಿದುಕೊಂಡು ಅಂಗಳಕ್ಕೆ ಬಂದ ಮೇಲೆ. ಪೂರ್ತಿ ನೋಡಿಲ್ಲವಲ್ಲ ಎಂದು ಅವ್ವ ಅನುಮಾನಿಸಿದಳು. "ಉಳದದ್ದು ಇಷ್ಟ ಐತಿ. ಎಲ್ಲಾರೂ ಸಾಯ್ತಾರ, ಮತ್ತೇನ ಆಗೂದೈತಿ?" ಅಂದ ಅಪ್ಪ.

ಕಥೆ ಹೀಗಿತ್ತು. ಮೂವರು ದರೋಡೆಕೋರರು ದುಡ್ಡು ದೋಚಿಕೊಂಡು ಕಾರಿನಲ್ಲಿ ಓಡುತ್ತಾರೆ, ಹಿಂದೆ ಪೊಲೀಸರು. ಮೂವರಲ್ಲಿ ಇಬ್ಬರು ಅಣ್ಣತಮ್ಮಂದಿರು. ಗುಡ್ಡದ ಮೇಲಿನ ಒಂದು ಹಾಳು ಬಂಗಲೆಯಲ್ಲಿ ಅಡಗಿಕೊಳ್ಳುತ್ತಾರೆ. ಅಲ್ಲಿಯ ಯಜಮಾನ ಬಂದವರಿಗೆ ಊಟ ಬಡಿಸುತ್ತಾನೆ, ತಾನು ಮಾತ್ರ ಉಣ್ಣುವುದಿಲ್ಲ. ಅವನ ಊಟ ಬೇರೆ, ಅದು ಬಂದವರ ಕೊರಳಿನಲ್ಲಿರುತ್ತದೆ. ಆ ಬಂಗಲೆಯವರು ರಕ್ತ ಕುಡಿದೇ ಬದುಕುವ ಜಾತಿ, ಬಿಸಿಲು ತಾಗಿದರೆ ಸುಟ್ಟು ಬೂದಿಯಾಗುವವರು. ಅಪ್ಪ ಅಂದು ಬಲು ಹುರುಪಿನಲ್ಲಿದ್ದ. "ಇವ್ರಿಗೆ ಒಂದ ಕಟ್ಟಳಿ ಐತಿ ನೋಡ್ರಿ. ಮನ್ಯಾಗಿನವ್ರು ಒಳಗ ಬಾ ಅಂದ್ರಷ್ಟ ಹೊಸ್ತಲಾ ದಾಟ್ತಾರ. ಕರೀಲಿಲ್ಲಂದ್ರ ಹೊರಗ ನಿಂತಿರಬೇಕು" ಎಂದಾಗ ಹಿಂದಿನಿಂದ ಯಾರೋ, "ನಮ್ಮ ಬೀಗರಕಿಂತ ಛಲೋ ಅದಾರ ಬಿಡ್ರಿ!" ಅಂದು, ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ದರೋಡೆಕೋರರಲ್ಲಿ ಸಣ್ಣವನು ನಗಿಸುವವ. ಅವನು ಬಂದಾಗಲೆಲ್ಲ ಅಪ್ಪನ ದನಿ ಬದಲಾಗುತ್ತಿತ್ತು. ಆ ರಾಗ, ಆ ತೊದಲು, ಮಾತಿನ ನಡುವೆ ನಾಲಿಗೆ ಚಪ್ಪರಿಸುವ ರೀತಿ, ಎಲ್ಲ ಬಸು ಕಾಕಾನದು. ಅಪ್ಪನಿಗೆ ಅದರ ಅರಿವೇ ಇರಲಿಲ್ಲ. ಕಣ್ಣು ಉರಿಯುತ್ತವೆ ಎಂದು ಯಾವತ್ತೂ ಸಿನಿಮಾ ನೋಡದ ಆಯಿ ಒಳಗಿನಿಂದ ಎದ್ದು ಬಂದು ಹೊಸ್ತಿಲ ಬಳಿ ಕೂತಳು. ಅವಳ ಉಡಿಯಲ್ಲಿ ಓಣಿಯ ಮಕ್ಕಳಿಗೆ ಹಂಚುವ ಎಳ್ಳುಂಡಿಗಳಿದ್ದವು.

ಬಂಗಲೆಯಲ್ಲಿ ಒಬ್ಬ ಸತ್ತ. ಸಣ್ಣ ತಮ್ಮನ ಕೊರಳಿಗೂ ಹಲ್ಲು ಬಿತ್ತು, ಅವನೂ ಆ ಜಾತಿಯವನೇ ಆದ. ಅಣ್ಣ ಹೇಗೋ ತಪ್ಪಿಸಿಕೊಂಡು ತನ್ನ ಊರಿನ ತೋಟದ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಅಪ್ಪ ಮಧ್ಯಾಹ್ನ ನೋಡಿದ್ದು ಇಲ್ಲಿಯವರೆಗೆ. ಮುಂದೆ ಏನಾಯಿತೆಂದರೆ, ತಮ್ಮ ಅಣ್ಣನ ಬೆನ್ನು ಹತ್ತಿ ಅದೇ ಮನೆಗೆ ಬಂದ. ಬಂದವನು ಬಾಗಿಲು ಒಡೆಯಲಿಲ್ಲ. ಮೆಟ್ಟಿಲ ಮೇಲೆ ನಿಂತು, ಹಲ್ಲು ಕಾಣದ ಹಾಗೆ ತುಟಿ ಮುಚ್ಚಿಕೊಂಡು, ಮೆಲ್ಲಗೆ ಬಾಗಿಲು ಬಡಿದ. ಏನೋ ಹೇಳುತ್ತಿದ್ದ. ಕಣ್ಣಲ್ಲಿ ನೀರಿತ್ತು.

ಅಪ್ಪನ ಮಾತು ನಿಂತುಹೋಯಿತು. ಟಿವಿಯಲ್ಲಿ ಆ ಹುಡುಗನ ತುಟಿ ಅಲ್ಲಾಡುತ್ತಿತ್ತು.

"ಯಾಕ ಸುಮ್ಮನಾದಿ?" ಆಯಿ ಕೇಳಿದಳು. "ಏನಂತಾನ ಅಂವಾ?"

"ಒಳಗ ಬರ್ಲೇನ ಅಣ್ಣಾ, ಅಂತಾನ."

"ಒಳಗಿದ್ದಾಂವ ಏನಂದ?"

ಒಳಗಿದ್ದವನು ಬಾಗಿಲಿಗೆ ಬೆನ್ನು ಒತ್ತಿ ನಿಂತು, ಅಳುತ್ತ, ಆಗದು ಆಗದು ಎಂದು ತಲೆ ಅಲ್ಲಾಡಿಸುತ್ತಿದ್ದ. ಅದು ಎಲ್ಲರಿಗೂ ಕಾಣುತ್ತಿತ್ತು. ಆಯಿಗೂ ಕಾಣುತ್ತಿತ್ತು.

"ನಿನ್ನ ಕೇಳಾಕತ್ತೇನಿ. ಏನಂದ?"

ಅಪ್ಪ ಟಿವಿಯನ್ನು ನೋಡಲಿಲ್ಲ, ಆಯಿಯನ್ನೂ ನೋಡಲಿಲ್ಲ. "ಬಾ ಅಂದ" ಎಂದ. ಮತ್ತೆ, "ಬಾರೋ ತಮ್ಮಾ, ಒಳಗ ಬಾ. ಅವ್ವ ಕಾಯಾಕತ್ತಾಳ ಅಂದ" ಎಂದ. ಆ ಸಿನಿಮಾದಲ್ಲಿ ಅವ್ವ ಎನ್ನುವವಳೇ ಇರಲಿಲ್ಲ.

"ಬಾಗಲಾ ತಗೀಲೇ ಇಲ್ಲಲ್ರಿ!" ಎಂದು ಮುಂದೆ ಕೂತ ಹುಡುಗರು ಕೂಗಿದರು. ಟಿವಿಯಲ್ಲಿ ಬೆಳಗಾಗುತ್ತಿತ್ತು. ಮೆಟ್ಟಿಲ ಮೇಲಿನ ಹುಡುಗನ ಭುಜದಿಂದ ಸಣ್ಣಗೆ ಹೊಗೆ ಏಳತೊಡಗಿತ್ತು. ಅಪ್ಪ ಎದ್ದು ಗುಂಡಿ ಒತ್ತಿದ. "ಮುಗೀತು. ಉಂಡಿ ತಗೊಂಡ ಮನಿಗಿ ಹೋಗ್ರಿ." ನಾನು ಕೊನೆ ತೋರಿಸು ಎಂದು ಕಾಲು ನೆಲಕ್ಕೆ ಬಡಿದು ಅತ್ತೆ. ಎಂಥ ಪೆದ್ದಿ ನಾನು, ಕೊನೆ ಅಲ್ಲೇ ಕಣ್ಣೆದುರಿಗೇ ಆಗಿಹೋಗಿತ್ತು. ಆ ರಾತ್ರಿ ಅಪ್ಪ ತಲೆಬಾಗಿಲಿಗೆ ಕೈ ಹಚ್ಚಲಿಲ್ಲ, ಅದು ತೆರೆದೇ ಇತ್ತು. ಅಪ್ಪ ಉಣ್ಣಲು ಕೂತಾಗ ಆಯಿ ತಾನೇ ಎದ್ದು ಬಂದು, ಸಣ್ಣ ಹುಡುಗನಿಗೆ ಬಡಿಸುವ ಹಾಗೆ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು.

ಹಬ್ಬ ಮುಗಿದ ಮೇಲೆ ಅಪ್ಪ ತಮ್ಮನನ್ನು ಹುಡುಕಲು ಹೊರಟ. ಲಾರಿಯವನೊಬ್ಬ ಸುದ್ದಿ ಹೇಳಿದ್ದ, ಕಣಗಲಾದ ಹತ್ತಿರ ಹೆದ್ದಾರಿಯ ಒಂದು ಗ್ಯಾರೇಜಿನಲ್ಲಿ ಬಸು ಕಾಕಾನಂಥವನು ಇದ್ದಾನೆಂದು. ಹುಕ್ಕೇರಿ ಸಂತೆಯಲ್ಲಿ ಬಳೆ ಕೊಡಿಸುತ್ತೇನೆಂದು ನನ್ನನ್ನೂ ಕರೆದುಕೊಂಡ. ಒಬ್ಬನೇ ಹೋಗುವ ಧೈರ್ಯ ಇರಲಿಲ್ಲವೆಂದು ಈಗ ಅನ್ನಿಸುತ್ತದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕಾಕಾನ ಹಳೇ ಕಿಡಿಗೇಡಿತನಗಳನ್ನೆಲ್ಲ ಹೇಳುತ್ತ ಬಂದ. ಕಟ್ಟೆ ಒಡೆದ ಹಾಗೆ ಆ ಹೆಸರು ಅವನ ಬಾಯಿಂದ ಮತ್ತೆ ಮತ್ತೆ ಬಂತು.

ಗ್ಯಾರೇಜಿನ ಮಾಲಕ ಒಳ್ಳೆಯ ಮನುಷ್ಯ. ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದು ನನಗೆ ಬಿಸ್ಕೀಟು ಕೊಟ್ಟ. "ಇದ್ದನ್ರಿ, ಬಸು. ಪಗಾರ ಸೈತ ಕೇಳ್ತಿರಲಿಲ್ಲ, ಹೊಟ್ಟಿಗಿ ಹಾಕಿದ್ರ ಸಾಕಿತ್ತು. ಮಳಿಗಾಲ ಹಿಡಿಯೂ ಮುಂದ ಒಂದ ಟ್ರಕ್ಕಿನ ಮ್ಯಾಲ ಮಹಾರಾಷ್ಟ್ರದ ಕಡೆ ಹೋದ" ಎಂದ. ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದ. "ಒಮ್ಮಿ ಊರಿಗಿ ಹೋಗಿ ಬರ್ತೇನಿ ಅಂತ ಹೋಗಿದ್ದನ್ರಿ. ಆ ದಿವಸನ ತಿರಗಿ ಬಂದ. ಯಾಕೋ ಅಂದ್ರ, ದೀಪಾ ಹಚ್ಚೂ ಹೊತ್ನ್ಯಾಗ ಮನಿ ಬಾಗಲಾ ಹಾಕಿತ್ತು ಅಂದ. ಬಡೀಬೇಕಿಲ್ಲೋ ಅಂದೆ. ಅಣ್ಣಗ ಮಂದ್ಯಾಗ ಮಾರಿ ಎತ್ತದಂಗ ಮಾಡೇನಿ, ಅಂವಾ ತಾನ ಕರೀಬೇಕು ಅಂದ."

"ಬಂದ್ರ, ನಿಮ್ಮಣ್ಣ ಕರದಾನ ಅಂತ ಹೇಳ್ರಿ" ಎಂದು ಅಪ್ಪ ಅಂದದ್ದು ನನಗೇ ಸರಿಯಾಗಿ ಕೇಳಲಿಲ್ಲ. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತ. ನನ್ನ ಅಪ್ಪ ಅಳಬಲ್ಲನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ, ಹೆದರಿ ಅವನ ಅಂಗಿಯ ತುದಿ ಹಿಡಿದು ಕೂತೆ. "ಬಾಗಲದ ಮಾತ ಆಯಿಗಿ ಹೇಳಬ್ಯಾಡವಾ" ಅಂದ. ಊರು ಮುಟ್ಟಿದಾಗ ಆಯಿ ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೂತಿದ್ದಳು. ಕೆಲಸದ ಮೇಲೆ ದೂರ ಹೋಗಿದ್ದಾನೆ, ಬಂದ ಕೂಡಲೇ ಕಳಿಸುತ್ತಾರೆ ಎಂದು ಅಪ್ಪ ಹೇಳಿದ. "ಕರದು ಬಂದಿ ಹೌದಲ್ಲ?" ಎಂದು ಕೇಳಿದಳು. ಹೌದೆಂದ. "ಅಷ್ಟ ಸಾಕ ಬಿಡು" ಎಂದು ಅವನ ಬೆನ್ನ ಮೇಲೆ ಕೈಯಾಡಿಸಿದಳು. ಕಾದು ಕಾದು ಅವಳು ಅದೇ ಮನೆಯಲ್ಲಿ ಕಣ್ಣುಮುಚ್ಚಿದಳು. ಕಾಕಾ ಬರಲಿಲ್ಲ.

ವಿಡಿಯೋ ಕಾಲ ಮುಗಿದು ಅಪ್ಪನ ಡಬ್ಬಿಗಳನ್ನು ಗುಜರಿಯವನು ಒಯ್ದ. ನಾನು ಹುಕ್ಕೇರಿಗೆ ಮದುವೆಯಾಗಿ ಬಂದೆ. ಕೊನೆಗಾಲದಲ್ಲಿ ಅಪ್ಪನಿಗೆ ಮುಖಗಳ ಗುರುತು ಉಳಿಯಲಿಲ್ಲ. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಮಂಚ ಹಾಕಿಸಿಕೊಂಡಿದ್ದ, ಹೊರಗೆ ಯಾರು ನಿಂತರೂ, "ಬಾರೋ, ಒಳಗ ಬಾ, ಯಾಕ ಹೊರಗ ನಿಂತಿ?" ಎನ್ನುತ್ತಿದ್ದ. ಕರೆಂಟ್ ಬಿಲ್ಲಿನವರು, ಗ್ಯಾಸ್ ತರುವ ಹುಡುಗ, ವೋಟು ಕೇಳಲು ಬಂದವರು, ಎಲ್ಲರೂ ಒಳಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಅವ್ವನಿಗೆ ಹಾಲು ಸಾಲುತ್ತಿರಲಿಲ್ಲ, ಆದರೂ ಗೊಣಗಲಿಲ್ಲ. ಅವರಿಬ್ಬರೂ ತೀರಿಹೋದ ಮೇಲೆ ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು. ಕಟ್ಟೆ, ಅಂಗಳ, ಹೊಸ್ತಿಲು, ಪಡಸಾಲೆ ಯಾವುದೂ ಈಗ ಇಲ್ಲ. ಉಳಿದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ಆ ಲ್ಯಾಬಿನಿಂದ ಬಂದ ದಿನ ಮನೆಗೆ ಹೋಗದೆ ನಾನು ಮೂಡಲಗಿಯ ದಾರಿ ಹಿಡಿದೆ. ಅಂಗಡಿಯ ಮುಂದೆ ಹೋಗಿ ಸುಮ್ಮನೆ ನಿಂತೆ. ಒಳಗಿನ ಹುಡುಗನಿಗೆ ನನ್ನ ನಂಬರು ಬರೆದುಕೊಟ್ಟು, ಬಸು ಅಂತ ವಯಸ್ಸಾದವರೊಬ್ಬರು ಬಂದರೆ ನನಗೆ ಫೋನು ಮಾಡಬೇಕಪ್ಪಾ ಎಂದೆ.

"ಅವ್ರು ಬಂದು ಹೆಸರ ಹೇಳ್ತಾರೇನ್ರಿ ಅಕ್ಕಾರ?"

"ಇಲ್ಲಪಾ, ಏನೂ ಹೇಳಾಂಗಿಲ್ಲ. ಹೊರಗ ಸುಮ್ಮನ ನಿಂತಿರ್ತಾನ. ನೀನ ಒಳಗ ಬಾ ಅನಬೇಕು. ಅವರಣ್ಣ ಹೇಳ್ಯಾನ ಅಂತ ಅನಬೇಕು."

ಹುಡುಗ ನನ್ನ ಮುಖ ನೋಡಿದ. ಕೌಂಟರಿನ ಹಿಂದಿನಿಂದ ಒಂದು ಸ್ಟೂಲು ತಂದು, ಒರೆಸಿ, ಬಾಗಿಲ ಬಳಿ ಇಟ್ಟ. "ಆತ್ರಿ ಅಕ್ಕಾರ," ಅಂದ, "ಅಂತೇನಿ."